ಸೂಗವ್ವ ಕೇಳುತ್ತಿದ್ದ ಮಾತು

ಬಹಳ ಹಿಂದೆ, ಹೊಳೆ ಇನ್ನೂ ಊರಿಗೆ ಹತ್ತಿರ ಹರಿಯುತ್ತಿದ್ದ ಕಾಲದಲ್ಲಿ, ಒಂದೂರಿನಲ್ಲಿ ಸೂಗವ್ವ ಎಂಬ ಹೆಂಗಸಿದ್ದಳಂತೆ. ಊರ ಹೊರಗೆ ಅವಳ ಗುಜರಿ ಅಂಗಡಿ. ಕರೆಂಟಿನಿಂದ ಓಡುವ ಕಾರು ಸತ್ತರೆ ಅವಳ ಅಂಗಳಕ್ಕೇ ಬರುತ್ತಿತ್ತಂತೆ. ಒಂದರ ಮೋಟಾರು, ಇನ್ನೊಂದರ ವೈರು, ಮತ್ತೊಂದರ ಬ್ಯಾಟರಿ ಕೂಡಿಸಿ ಹಳೆಯ ಗಾಡಿಗೆ ಜೀವ ತುಂಬುತ್ತಿದ್ದಳಂತೆ. ಸತ್ತ ಗಾಡಿಗಳು ಅವಳ ಜೊತೆ ಮಾತಾಡುತ್ತಿದ್ದವು ಅಂತಲೂ ಹೇಳುತ್ತಾರೆ. ನಂಬುವವರು ನಂಬಲಿ. ಬದುಕಿರುವ ಮನುಷ್ಯನ ಬಾಯಲ್ಲೇ ನಿಜ ಹೊರಡುವುದು ಕಷ್ಟ, ಸತ್ತ ತಗಡು ಏನು ಹೇಳೀತು!

ಆದರೆ ಅವಳದೊಂದು ಪದ್ಧತಿ ಇದ್ದದ್ದು ನಿಜ. ಹಳೆಯ ಬ್ಯಾಟರಿ ಯಾರೇ ತರಲಿ, ಮೊದಲು ಕೇಳುತ್ತಿದ್ದಳಂತೆ: "ಈ ಗಾಡಿ ಹೆಂಗ ಸತ್ತಿತು?" ಗುದ್ದಿ ಸತ್ತದ್ದಾದರೆ ಬ್ಯಾಟರಿಗೆ ಸೂತಕ. ಮರಳಿನ ಗುಂಡಿಯಲ್ಲಿಟ್ಟು ಕಾಯುತ್ತಿದ್ದಳು, ತಣ್ಣಗಿದ್ದರೆ ಮಾತ್ರ ಗಾಡಿಗೆ ಕೂರಿಸುತ್ತಿದ್ದಳು. ನೀರಲ್ಲಿ ಮುಳುಗಿ ಸತ್ತದ್ದಾದರೆ ಮುಟ್ಟುತ್ತಲೇ ಇರಲಿಲ್ಲ. ಒಳಗೆ ಹೊಕ್ಕ ನೀರು ಸುಮ್ಮನಿರುವುದಿಲ್ಲ, ಒಳಗೊಳಗೇ ತಿಂದು, ತನಗೆ ಬೇಕಾದ ದಿನ ಬೆಂಕಿಯಾಗಿ ಹೊರಗೆ ಬರುತ್ತದೆ ಅನ್ನುತ್ತಿದ್ದಳಂತೆ.

ಅದೇ ಊರಲ್ಲಿ ಹಣಮೇಶ ಅಂತ ಒಬ್ಬನಿದ್ದ. ಅವನ ಹೆಂಡತಿ ದುರುಗಮ್ಮನ ಕಿಡ್ನಿ ಕೆಟ್ಟಿತ್ತು. ವಾರವಾರ ಪಟ್ಟಣಕ್ಕೆ ಒಯ್ದು ರಕ್ತ ಶುದ್ಧ ಮಾಡಿಸಬೇಕು. ಊರಿಗೆ ಬಸ್ಸಿಲ್ಲ, ಟ್ರ್ಯಾಕ್ಟರಿನ ಕುಲುಕಾಟ ಅವಳ ಮೈ ತಾಳುತ್ತಿರಲಿಲ್ಲ. ಇದ್ದದ್ದು ಅವನದೊಂದು ಹಳೆಯ ಕಾರು. ಒಂದು ಸಲ ಅದರ ಬ್ಯಾಟರಿಯೇ ಹೋಯಿತು. ದುರುಗಮ್ಮನ ಕಾಲು ಊದಿಕೊಂಡವು, ಆಮೇಲೆ ಮುಖ ಊದಿತು, ಆಮೇಲೆ ಉಸಿರೇ ಭಾರವಾಯಿತು.

ಹಣಮೇಶ ಹತ್ತಾರು ಕಡೆ ಅಲೆದು, ತನ್ನ ಗಾಡಿಗೆ ಹೊಂದುವ ಒಂದು ಬ್ಯಾಟರಿಯನ್ನು ಹೇಗೋ ಹುಡುಕಿ ತಂದ. ಮಾರಿದವನು ಗುದ್ದಿದ ಗಾಡಿಯದು ಎಂದು ಆಣೆ ಮಾಡಿದ್ದ. ಇಳಿಸಿ ನೋಡಿದರೆ ಪೆಟ್ಟಿಗೆಯ ಸಂದಿನಲ್ಲಿ ಸಣ್ಣಗೆ ಒಣಗಿದ ಹೊಳೆಯ ರೇವೆ, ನೆರೆಯ ಕೆಸರು. ಹೊಳೆದಂಡೆಯಲ್ಲಿ ಹುಟ್ಟಿದವನಿಗೆ ಆ ಮಣ್ಣು ಗೊತ್ತಾಗದೇ ಇರುತ್ತದೆಯೇ? ಆದರೂ ಹೆಗಲ ಮೇಲಿನ ವಸ್ತ್ರದಿಂದ ಒರೆಸಿಬಿಟ್ಟ.

ಅಂಗಳಕ್ಕೆ ಒಯ್ದಾಗ ಸೂಗವ್ವ ಎಂದಿನಂತೆ ಕೇಳಿದಳು. ಅವನು, "ಗಿಡಕ್ಕ ಗುದ್ದಿ ಸತ್ತೈತಿ, ಯವ್ವಾ" ಅಂದ.

ಮರಳಿನಲ್ಲಿ ಬ್ಯಾಟರಿ ತಣ್ಣಗೇ ಇತ್ತು. ಅವನು ಹೋಗಿ ಹೋಗಿ ಮುಟ್ಟಿ ನೋಡಿದ, ತಣ್ಣಗೇ ಇತ್ತು. ಸೂಗವ್ವ ಅವನ ಮಾತು ನಂಬಿ ಅದನ್ನು ಗಾಡಿಗೆ ಕೂರಿಸಿದಳು, ದುರುಗಮ್ಮ ಮಲಗುವ ಹಿಂದಿನ ಸೀಟಿನ ಕೆಳಗೆ.

ಮಧ್ಯಾಹ್ನ ಹೊರಟರು. ಹೆಂಡತಿಯ ಕೆಳಗೆ ಏನಿದೆ ಅನ್ನುವುದು ಅವನೊಬ್ಬನಿಗೇ ಗೊತ್ತು. ತಗ್ಗು ಬಂದರೆ ಹೆದರಿಕೆ, ದಿಬ್ಬ ಬಂದರೆ ಹೆದರಿಕೆ, ಏನೂ ಬರದಿದ್ದರೆ ಇನ್ನೂ ಹೆದರಿಕೆ. ಆ ಭಯಕ್ಕೇ ಎತ್ತಿನ ಗಾಡಿಗಿಂತ ನಿಧಾನ ಓಡಿಸಿದನಂತೆ. ಆಗ ಹಿಂದಿನಿಂದ ದುರುಗಮ್ಮ ಅಂದಳಂತೆ, "ಸೀಟು ಬೆಚ್ಚಗಾಗೈತಿ ನೋಡ್ರಿ. ಕಾಲಿಗೆ ಹಿತ ಅನಸ್ತೈತಿ."

ಹಣಮೇಶ ಗಾಡಿ ನಿಲ್ಲಿಸಿದ. ಕೆಳಗಿನಿಂದ ಬಿಳಿ ಹೊಗೆ ಏಳುತ್ತಿತ್ತು. ಇಳಿದು ಹಿಂದಿನ ಬಾಗಿಲು ಎಳೆದ, ಬರಲಿಲ್ಲ. ಆ ಬಾಗಿಲು ತೆರೆಯಲೂ ಕರೆಂಟೇ ಬೇಕಿತ್ತಲ್ಲ, ಅದು ಹೋಗಿತ್ತು! ಗಾಜಿನಾಚೆ ಅವಳು ಏನೋ ಕೂಗುತ್ತಿದ್ದಳು. ಅವನು ಸುಮ್ಮನೆ ನಿಂತುಬಿಟ್ಟ. ಭಯ ಅವನನ್ನು ಅಲ್ಲೇ ನೆಟ್ಟಿತ್ತು.

ಇತ್ತ ಅಂಗಳದಲ್ಲಿ ಅವನು ಮರೆತು ಬಂದಿದ್ದ ವಸ್ತ್ರ ಸೂಗವ್ವನ ಕೈಗೆ ಸಿಕ್ಕಿತ್ತು. ಮಡಿಕೆ ಬಿಚ್ಚಿದರೆ ರೇವೆ. ಮರಳು ತುಂಬಿದ್ದ ಟ್ರ್ಯಾಕ್ಟರನ್ನು ಹಾಗೇ ಹೊಡೆದುಕೊಂಡು ಬಂದಳಂತೆ. ಗಾಳಿಗಿಂತ ಜೋರಾಗಿ ಬಂದಳು ಅನ್ನುತ್ತಾರೆ. ಅದು ಸುಳ್ಳು, ಇವನು ನಿಧಾನ ಹೋಗಿದ್ದ. ಬೋಲ್ಟು ತಿರುಗಿಸುವ ಪಾನಾದಿಂದ ಗಾಜು ಒಡೆದು, ಹೊಗೆಯೊಳಗೆ ಅರ್ಧ ಮೈ ಇಳಿಸಿ ದುರುಗಮ್ಮನನ್ನು ಎಳೆದುಕೊಂಡಳು. ಹತ್ತು ಹೆಜ್ಜೆ ಸರಿದಿರಲಿಲ್ಲ, ಗಾಡಿ ಧಗ್ಗನೆ ಹತ್ತಿಕೊಂಡಿತು.

ದುರುಗಮ್ಮ ಟ್ರ್ಯಾಕ್ಟರಿನ ಮರಳಿನ ಮೇಲೆ ನರಳುತ್ತಲೇ ಪಟ್ಟಣ ಸೇರಿದಳು, ಉಳಿದಳು. ಸೂಗವ್ವನೂ ಉಳಿದಳು, ಆದರೆ ವಿಷದ ಹೊಗೆ ಅವಳ ಗಂಟಲು ತಿಂದಿತ್ತು. ಮುಂದೆ ಯಾರೋ ಬ್ಯಾಟರಿ ತಂದಾಗ ಎಂದಿನಂತೆ ಕೇಳಲು ಬಾಯಿ ತೆರೆದಳಂತೆ. ದನಿಯೇ ಹೊರಡಲಿಲ್ಲ. ಅಲ್ಲೇ ನಿಂತಿದ್ದ ಹಣಮೇಶನಿಗೆ ಅದನ್ನು ನೋಡಲಾಗಲಿಲ್ಲ. ತಂದವನ ರಟ್ಟೆ ಹಿಡಿದು ಬ್ಯಾಟರಿಯ ಮೇಲೆ ಕೂರಿಸಿದ. "ನನ್ನ ಹೇಣ್ತಿ ಕುಂತ ಜಾಗ ಇದು. ಕುಂತು ಹೇಳು. ಗಾಡಿ ಹೆಂಗ ಸತ್ತಿತು?"

ಸಾಯುವತನಕ ಅವಳ ಬದಲಿಗೆ ಅವನೇ ಕೇಳಿದನಂತೆ.

ಈಗಲೂ ಆ ಸೀಮೆಯಲ್ಲಿ ಹಳೆಯ ಬ್ಯಾಟರಿ ಮಾರಲು ಬಂದವನನ್ನು ಅದರ ಮೇಲೆಯೇ ಕೂರಿಸಿ ಕೇಳುತ್ತಾರೆ. ಕೆಲವರು ಕುಳಿತು ಉತ್ತರ ಹೇಳುತ್ತಾರೆ. ಕೆಲವರು ಕುಳಿತಲ್ಲಿಂದ ತಟ್ಟನೆ ಎದ್ದು, ತಂದದ್ದನ್ನು ಮತ್ತೆ ಹೇರಿಕೊಂಡು ಹೊರಡುತ್ತಾರೆ. ಅಂಥವರನ್ನು ಯಾರೂ ಬೈಯುವುದಿಲ್ಲ. ದಾರಿಯಲ್ಲಿ ಹತ್ತಿಕೊಳ್ಳದಿರಲಿ ಎಂದು ಸೂಗವ್ವನ ಹೆಸರು ಹೇಳಿ, ಅವರ ಹಿಂದೆ ಒಂದು ಹಿಡಿ ಮರಳು ಚೆಲ್ಲುತ್ತಾರೆ.