ಕಲ್ಲು ಆರಿಸಿದ ಹೊಲ

ಹೊಳೆಯ ಆಚೆ ದಂಡೆಯಲ್ಲಿ ಕರಿ ಮಣ್ಣು, ಈಚೆ ದಂಡೆಯಲ್ಲಿ ಕೆಂಪು ಮಣ್ಣು. ಎರಡೂ ಕಡೆ ಒಂದೊಂದು ಮಠ. ನಿರ್ವಾಣಯ್ಯ ಎಂಬ ಗುರುಗಳಿದ್ದದ್ದು ಈಚೆಯ ಮಠದಲ್ಲಿ.

ಅವರಿಗೆ ಶರಭಯ್ಯನೆಂಬ ಒಬ್ಬನೇ ಶಿಷ್ಯ. ಅವನು ಸೋಮಾರಿಯಾಗಿದ್ದರೆ ಗುರುಗಳು ನೆಮ್ಮದಿಯಾಗಿರುತ್ತಿದ್ದರು. ಸೋಮಾರಿಯಲ್ಲ, ಅದೇ ತಾಪತ್ರಯ. ಕೈ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಬಾಯಿಯೂ ಅಷ್ಟೇ.

"ಅಜ್ಜಾರ, ಆಚೀ ಮಠದಾಗ ಬಿಳಿಜೋಳದ ರೊಟ್ಟಿ ಉಣ್ತಾರ್ರಿ. ನಮಗ ಬರೇ ಸಜ್ಜಿ ರೊಟ್ಟಿ."

"ಸಜ್ಜಿ ರೊಟ್ಟಿ ಗಂಟಲದಾಗ ಇಳಿಯಂಗಿಲ್ಲೇನು?"

"ಇಳೀತಾವ್ರಿ. ಆದ್ರ ಅಲ್ಲಿ ಜ್ವಾಳ ಆಳೆತ್ತರ ನಿಂತಾವ. ನಮ್ಮ ಹೊಲದಾಗ ಬೆಳಿಗಿಂತ ಕಲ್ಲೇ ಹೆಚ್ಚು. ಮಠ ಕಟ್ಟಿದ ಹಿರಿಯರಿಗೆ ಹೊಳಿ ದಾಟಾಕ ಏನಾಗಿತ್ರಿ?"

ಊಟಕ್ಕೆ ಕೂತಾಗಲೆಲ್ಲ ಇದೇ ಪ್ರಶ್ನೆ. ಮೊದಮೊದಲು ಗುರುಗಳು ಸಮಾಧಾನದಿಂದ ತಿಳಿಸಿ ಹೇಳುತ್ತಿದ್ದರು. ಆಚೆಯ ನೆಲದ ಅಡಿಗಿರುವುದು ಕರಿಕಲ್ಲು. ಯಾವುದೋ ಕಾಲದಲ್ಲಿ ಭೂಮಿಯ ಹೊಟ್ಟೆಯಿಂದ ಬೆಂಕಿಯಾಗಿ ಉಕ್ಕಿ, ಹರಿದು, ಆರಿ ಕಲ್ಲಾದದ್ದು. ಮಳೆ ಬಿಸಿಲಿಗೆ ಅದು ಬೇಗ ಸವೆದು ಮಣ್ಣಾಗುತ್ತದೆ. ಕೊಡುಗೈ ಕಲ್ಲು. ಈಚೆಯದು ಬೆಣಚು ಬೆರೆತ ಗಟ್ಟಿ ಬಂಡೆ. ಎಷ್ಟು ಮಳೆ ಹೊಯ್ದರೂ ಅದು ಉದುರಿಸುವುದು ಒಂದಿಷ್ಟು ಮರಳು, ಒಂದಿಷ್ಟು ಕೆಂಪು ಹುಡಿ. ಜಿಪುಣ ಕಲ್ಲು. ಕೊಟ್ಟಷ್ಟನ್ನೇ ಜೋಪಾನ ಮಾಡಿಕೊಂಡು ಉಣ್ಣಬೇಕು.

"ಹೌದ್ರಿ" ಅನ್ನುತ್ತಿದ್ದ ಶರಭಯ್ಯ. ಮರುದಿನ ಮತ್ತದೇ ರಾಗ.

ಗುರುಗಳಿಗೆ ಸಾಕಾಗಿ ಹೋಯಿತು. ಒಂದು ಬೇಸಿಗೆಯಲ್ಲಿ ಕೋಲು, ಜೋಳಿಗೆ ತೆಗೆದುಕೊಂಡು ಶ್ರೀಶೈಲಕ್ಕೆ ಹೊರಟರು. ಭಕ್ತಿ ಇತ್ತು, ಇಲ್ಲವೆಂದಲ್ಲ. ಈ ಬಾಯಿಂದ ನಾಲ್ಕು ದಿನ ದೂರ ಇದ್ದರೆ ಸಾಕೆಂಬ ಆಸೆಯೂ ಇತ್ತು.

"ಹೊಲ ನೋಡ್ಕೊಂಡಿರು. ದಾರಿ ನಡಕೊಂಡು ಬಂದವರಿಗೆ ರೊಟ್ಟಿ ತಪ್ಪಬಾರದು. ಮಠದ ಒಲಿ ಇವತ್ತಿನ ತನಕ ಆರಿಲ್ಲ. ಅದು ಉರಿಯೋದು ಈ ಹೊಲದ ಮ್ಯಾಲೆ."

"ಚಿಂತಿ ಬಿಡ್ರಿ ಅಜ್ಜಾರ. ನೀವು ಬರೋದ್ರಾಗ ಹೊಲ ಗುರ್ತ ಸಿಗಲಾರದಂಗ ಮಾಡಿರ್ತೀನಿ."

ಹೇಳಿದ ಹಾಗೇ ಮಾಡಿದ.

ಗುರುಗಳು ಮರಳಿ ಬರುವಷ್ಟರಲ್ಲಿ ಮುಂಗಾರಿನ ಮೊದಲ ಮಳೆ, ಮಿರಗದ ಮಳೆ, ಜೋರಾಗಿ ಸುರಿದು ಹೋಗಿತ್ತು. ಮಠದ ಅಂಗಳದ ಬೇವಿನ ಮರದ ಸುತ್ತ ಹೊಸ ಕಟ್ಟೆಯೊಂದು ಎದ್ದಿತ್ತು. ಶರಭಯ್ಯ ಓಡಿ ಬಂದು ಕಾಲಿಗೆ ಬಿದ್ದ.

"ಕುಂದರ್ರಿ ಅಜ್ಜಾರ. ನಿಮ್ಮ ಸಲುವಾಗೇ ಕಟ್ಟೀನಿ."

ಗುರುಗಳು ಕೂತರು. ನಡೆದು ದಣಿದ ಕಾಲಿಗೆ ಹಿತವಾಯಿತು. ಹುಡುಗ ಎಷ್ಟೇ ಗೊಣಗಲಿ, ನಮ್ಮ ಮೇಲೆ ಪ್ರೀತಿ ಇದೆ ಅನ್ನಿಸಿ ಮನಸ್ಸು ಕರಗಿತು.

"ಇಷ್ಟು ಕಲ್ಲು ಎಲ್ಲಿಂದ ತಂದಿ?"

"ನಮ್ಮ ಹೊಲದಾಗಿನವ್ರಿ. ಒಂದು ಹರಳು ಬಿಡದಂಗ ಆರಿಸೀನಿ."

"ಈ ದಪ್ಪ ಕಲ್ಲು?"

"ಇಳಿಜಾರಿಗೆ ಅಡ್ಡ ಹಳೇದೊಂದು ಸಾಲು ಇತ್ತಲ್ರಿ, ಗಿಡಗಂಟಿ ಬೆಳದಿತ್ತು. ಯಾರಿಗೂ ಉಪಯೋಗ ಇರಲಿಲ್ಲ. ಕಿತ್ತು ತಂದೆ."

ಗುರುಗಳು ಕೆಂಡ ತುಳಿದವರಂತೆ ಎದ್ದು ಹೊಲದ ಕಡೆ ನಡೆದರು. ನಡೆದರು ಅನ್ನುವುದಕ್ಕಿಂತ ಓಡಿದರು.

ಹೊಲದ ಮೇಲಿನ ಅರ್ಧ ಇರಲಿಲ್ಲ. ಬಂಡೆ ಬೆತ್ತಲೆಯಾಗಿ ಬಿಸಿಲಿಗೆ ಮಿಂಚುತ್ತಿತ್ತು. ಕೆಳಗೆ ಕೊರಕಲು ಬಿದ್ದು, ಅದು ನೇರ ಹೊಳೆಗೆ ಹೋಗಿ ಮುಟ್ಟಿತ್ತು. ಹೊಳೆ ಕೆಂಪಾಗಿ ಹರಿಯುತ್ತಿತ್ತು.

"ಹಸನ ಆಗೇತಲ್ರಿ?" ಎಂದ ಶರಭಯ್ಯ ಹಿಂದಿನಿಂದ, ಸ್ವಲ್ಪ ಅನುಮಾನದ ದನಿಯಲ್ಲಿ.

"ಲೇ ಶರಭ್ಯಾ, ಯಾರು ಹೇಳಿದ್ರೋ ನಿನಗ ಇದನ್ನ ಮಾಡಂತ?"

"ಹೊಲ ನೋಡ್ಕೋ ಅಂತ ನೀವೇ ಅಂದಿದ್ರಿ."

"ನೋಡ್ಕೋ ಅಂದಿದ್ದೆ. ಬೋಳಿಸು ಅಂದಿದ್ನೇನು? ಆ ಹರಳಿನ ಅಡಿಯಾಗ ತೇವ ಉಳೀತಿತ್ತು. ಮಳಿ ಹನಿ ಬಂದು ಹರಳಿಗೆ ಬಡೀತಿತ್ತು, ಮಣ್ಣಿಗೆ ಬಡೀತಿರಲಿಲ್ಲ. ನೀ ಕಿತ್ತಿ ನೋಡು, ಆ ಸಾಲು ಒಡ್ಡು. ಹರಿಯೋ ನೀರಿಗೆ ಅಡ್ಡ ಕೂತು ಮಣ್ಣು ಹಿಡೀತಿತ್ತು. ನಮ್ಮ ಗುರುಗಳ ಗುರುಗಳು ಇಟ್ಟದ್ದು. ಅದನ್ನ ಕಿತ್ತು ನನಗ ಕುಂಡಿ ಊರಾಕ ಕಟ್ಟಿ ಕಟ್ಟೀಯಲ್ಲೋ!"

ಶರಭಯ್ಯನ ಕಣ್ಣಲ್ಲಿ ನೀರು ಬಂತು. ಪಶ್ಚಾತ್ತಾಪವಾಯಿತೆಂದು ಗುರುಗಳು ಸುಮ್ಮನಾದರು. ಅಷ್ಟರಲ್ಲಿ ಅವನು ಮೂಗು ಒರೆಸಿಕೊಂಡು ಹೇಳಿದ:

"ಅದಕ್ಕೇ ಹೇಳೋದ್ರಿ ಅಜ್ಜಾರ, ಈ ನೆಲ ಸರಿ ಇಲ್ಲಂತ. ಆಚೀ ಮಠದವರು ನನ್ನ ಕರದಾರ. ಅಪ್ಪಣಿ ಕೊಡ್ರಿ, ಹೋಗ್ತೀನಿ. ನೀವೂ ಬರ್ರಿ."

ಗುರುಗಳಿಗೆ ಹಣೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಬಗ್ಗಿ, ಬಂಡೆಯಿಂದ ಬಿಟ್ಟುಕೊಂಡಿದ್ದ ಒಂದು ಚಕ್ಕೆ ಎತ್ತಿ ಅವನ ಕೈಗಿಟ್ಟರು.

"ಇದರಿಂದ ಒಂದು ಬೊಗಸಿ ಮಣ್ಣು ಮಾಡಿ ಕೊಡು. ಅಪ್ಪಣಿ ಕೊಡ್ತೀನಿ."

ಇಷ್ಟೇನಾ ಅಂದುಕೊಂಡು ಶರಭಯ್ಯ ಸುತ್ತಿಗೆ, ಒರಳು ತಂದು ಹೊಲದ ಬದುವಿನಲ್ಲಿ ಕೂತ. ಮಧ್ಯಾಹ್ನವೆಲ್ಲ ಟಣ್ ಟಣ್ ಸದ್ದು.

ಗುರುಗಳು ಹೊಸ ಕಟ್ಟೆಯ ಕಲ್ಲು ಬಿಚ್ಚಿ ಒಂದೊಂದಾಗಿ ಹೊಲಕ್ಕೆ ಹೊತ್ತರು. ಸೊಂಟ ಹಿಡಿಯಿತು. ಸಿಟ್ಟು ಇಳಿಯಲಿಲ್ಲ. ಆ ಸದ್ದು ಕೇಳಿದಾಗಲೆಲ್ಲ ಇನ್ನಷ್ಟು ಏರುತ್ತಿತ್ತು. ತಮ್ಮ ನಂತರ ಈ ಹೊಲ, ಈ ಒಲೆ ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲ. ಇರುವವನು ಇವನೊಬ್ಬ. ಇವನು ಹೋದರೆ ಒಲೆ ಆರುತ್ತದೆ, ಇದ್ದರೆ ಹೊಲ ಉಳಿಯುತ್ತದೆಂಬ ಭರವಸೆ ಇಲ್ಲ. ದೇವರೇ, ಇಷ್ಟು ದೂರ ನಡೆದು ಬಂದು ನಿನ್ನ ದರ್ಶನ ಮಾಡಿದ್ದಕ್ಕೆ ಇದೇನಾ ಫಲ ಎಂದು ಗೊಣಗಿದರು.

ಹೊತ್ತು ಇಳಿಯುವಾಗ ಶರಭಯ್ಯ ಬೊಗಸೆಯೊಡ್ಡಿಕೊಂಡು ಬಂದ. ಕೈಯೆಲ್ಲ ಬೊಬ್ಬೆ.

"ತಗೊಳ್ರಿ. ಮಣ್ಣು."

ಗುರುಗಳು ಮೂಸಿ ನೋಡಿದರು.

"ಇದು ಹಿಟ್ಟು. ರೊಟ್ಟಿ ಬಡಿ."

"ಕಲ್ಲು ನುರಿದ್ರ ಮಣ್ಣಲ್ಲೇನ್ರಿ?"

"ಎಲ್ಲೈತೋ ಇದರಾಗ ಎರಿಹುಳ? ಕೊಳತ ಎಲಿ ಎಲ್ಲೈತಿ? ಸತ್ತ ಬೇರು ಎಲ್ಲೈತಿ?"

"ಅವನ್ನೆಲ್ಲ ನಾನೆಲ್ಲಿಂದ ತರ್ಲಿ?" ಶರಭಯ್ಯನಿಗೂ ರೇಗಿತು.

"ಮಳಿ ಬರೋ ಹಿಂದಿನ ದಿನದ ತನಕ ಇಲ್ಲೇ ಇದ್ದವು."

ಶರಭಯ್ಯ ಪುಡಿಯನ್ನು ನೋಡಿದ. ಹೊಳೆಯ ಕಡೆ ನೋಡಿದ.

"ಹಂಗಾದ್ರ ಒಂದು ಬೊಗಸಿ ಮಣ್ಣಾಗಾಕ ಎಷ್ಟು ದಿನ ಬೇಕ್ರಿ?"

"ನಾನೂ ನಮ್ಮ ಗುರುಗಳನ್ನ ಕೇಳಿದ್ದೆ. ಅವರು ಅವರ ಗುರುಗಳನ್ನ ಕೇಳಿದ್ರಂತ. ಅದು ಆಗೋ ತನಕ ಯಾರೂ ಬದುಕಲಿಲ್ಲಪಾ."

ಶರಭಯ್ಯ ಬೊಗಸೆಯ ಪುಡಿಯನ್ನು ಬಂಡೆಯ ಮೇಲೆ ಸುರಿದ. ದಪ್ಪ ಕಲ್ಲೊಂದು ಗುರುಗಳ ಕೈಯಿಂದ ಜಾರುತ್ತಿತ್ತು. ಅವನು ಬಂದು ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಇಳಿಜಾರಿಗೆ ಅಡ್ಡಲಾಗಿ ಅದನ್ನು ಕೂರಿಸಿದರು. ಗುರುಗಳಿಗೆ ಜೀವ ಬಂದಂತಾಯಿತು.

ಆಗ ಕೆಳಗೆ ಹೊಳೆಯ ದಂಡೆಯಿಂದ ಹರಿಗೋಲಿನವನು ಕೂಗು ಹಾಕಿದ. ಕಡೆಯ ಸಲ ಆಚೆ ದಾಟುತ್ತಿದ್ದೇನೆ, ಬರುವವರಿದ್ದರೆ ಬನ್ನಿ ಎಂದು.

ಶರಭಯ್ಯ ಕೈ ಕೊಡವಿಕೊಂಡ.

"ಅಜ್ಜಾರ, ಬೊಗಸಿ ಮಣ್ಣು ನನ್ನ ಕೈಲೆ ಆಗಲಿಲ್ಲ. ಆದ್ರೂ ಅಪ್ಪಣಿ ಕೊಡ್ರಿ. ಇಲ್ಲಿ ಉಳದದ್ದು ಗೇಣು ಮಣ್ಣು. ಒಂದು ತಪ್ಪು ಮಾಡಿದ್ರ ಎಲ್ಲಾ ಹೋಗ್ತೈತಿ, ನನಗ ಅಂಜಿಕಿ ಬರ್ತೈತಿ. ಅಲ್ಲಿ ಆಳುದ್ದ ಮಣ್ಣೈತಿ. ಅಲ್ಲಿ ತಪ್ಪು ಮಾಡಿದ್ರೂ ನಡೀತೈತಿ."

ಗುರುಗಳು ತಲೆ ಎತ್ತಲಿಲ್ಲ. ಇನ್ನೊಂದು ಕಲ್ಲು ಕೂರಿಸಿ, ಅದು ಅಲ್ಲಾಡುತ್ತದೋ ಇಲ್ಲವೋ ಎಂದು ಅಂಗೈಯಿಂದ ಒತ್ತಿ ನೋಡಿದರು.

"ಹೋಗಪಾ. ಗೇಣು ಮಣ್ಣು ಕಳ್ಯಾಕ ನಿನಗ ಒಂದು ಮಳಿ ಸಾಕಾತು. ಆಳುದ್ದ ಮಣ್ಣಿಗೆ ಇನ್ನೊಂದೀಟು ಮಳಿ ಬೇಕಾಗ್ತಾವ, ಅಷ್ಟ."