ಅಪ್ಪನ ಮುಖ ಸ್ಕ್ಯಾನು ಮಾಡಿಸಿದ ದ್ಯಾಮ್ಯಾ

ಹೂಂಗುಟ್ಟುತ್ತಾ ಕೇಳಿ, ಹೂಂ ನಿಂತರೆ ಕತೆಯೂ ನಿಂತೀತು. ಒಂದೂರಲ್ಲಿ ಫಕೀರವ್ವ ಅಂತ ಒಬ್ಬ ವಿಧವೆ, ಅವಳಿಗೊಬ್ಬನೇ ಮಗ ದ್ಯಾಮ್ಯಾ. ಮೈಯಲ್ಲಿ ಎತ್ತಿನ ಶಕ್ತಿ, ತಲೆಯಲ್ಲಿ ಬರೀ ಹೊಟ್ಟು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಗೋಳು.

ಗಂಡ ಹುಚ್ಚೀರಪ್ಪ ಗುಂಡುಕಲ್ಲು ಎತ್ತುವ ಪೈಲ್ವಾನ. ತೀರಿಕೊಂಡು ಒಂಬತ್ತು ವರ್ಷ. ಮನೆಯಲ್ಲಿ ಅವನದೊಂದು ಫೋಟೋ ಇಲ್ಲ. ಇದ್ದದ್ದು ಹಳೆಯ ವಾರಪತ್ರಿಕೆಯ ಒಂದು ಹಾಳೆ. ಅದರಲ್ಲಿ ಅವನು ಗಲ್ಲ ಉಬ್ಬಿಸಿ ಕಲ್ಲೆತ್ತಿ ನಿಂತ ಚಿತ್ರ. ಫಕೀರವ್ವನಿಗೆ ಗಂಡನ ದನಿ ಮರೆತೇಹೋಗಿತ್ತು, ಈಗೀಗ ಮುಖವೂ ಮರೆಯುತ್ತಿತ್ತು. ದ್ಯಾಮ್ಯಾನ ಜೊತೆ ಏನು ಮಾತಾಡುತ್ತಾಳೆ ಪಾಪ! ಗೋಡೆಯ ಮೇಲೆ ಆ ಮುಖ ಒಂದಿದ್ದರೆ ಅದರ ಜೊತೆಯಾದರೂ ನಾಲ್ಕು ಮಾತಾಡಬಹುದು ಅಂತ ಅವಳ ಆಸೆ.

"ದ್ಯಾಮ್ಯಾ, ಇದನ್ನ ದಾವಲಸಾಬನ ಅಂಗಡಿಗೆ ಒಯ್ಯಿ. ಸ್ಕ್ಯಾನ್ ಮಾಡಿಸಿ ದೊಡ್ಡ ಫೋಟೋ ತಗೊಂಬಾ. ಗಾಳಿ ಸುದ್ದಾ ಹತ್ತಬಾರ್ದು ನೋಡು!"

"ಹೂಂ ಯವ್ವಾ, ಹಂಗ ಮಾಡ್ತೀನಿ."

ಹಾಳೆಯನ್ನು ಎಂಟು ಮಡಿಕೆ ಮಾಡಿ ಟೋಪಿಯೊಳಗಿಟ್ಟುಕೊಂಡು ಹೋದ. ಗಾಳಿ ಹತ್ತಲಿಲ್ಲ. ಚಿತ್ರದ ತುಂಬ ಗೆರೆ ಬಿದ್ದಿತ್ತು, ದಾವಲಸಾಬ ವಾಪಸು ಕಳಿಸಿದ.

"ಹಾಳಿ ಮಡಚ್ತಾರೇನೋ ಖೋಡಿ! ಮ್ಯಾಲ ಭಾರ ಇಡಬೇಕು, ಸಪಾಟ ಆಗೂತನಕ ಒತ್ತಬೇಕು!" ಅಂದಳು ಫಕೀರವ್ವ.

"ಹೂಂ ಯವ್ವಾ, ಹಂಗ ಮಾಡ್ತೀನಿ."

ಮರುದಿನ ದಾವಲಸಾಬ ಹಾಳೆಯನ್ನು ಮಷೀನಿನ ಗಾಜಿನ ಮೇಲೆ ಬೋರಲು ಹಾಕಿ ಮುಚ್ಚಳ ಮುಚ್ಚಿದ. ದ್ಯಾಮ್ಯಾ ಅತ್ತಿತ್ತ ನೋಡಿದ. ಅಂಗಡಿಯಲ್ಲಿ ತನಗಿಂತ ಭಾರದ್ದು ಏನೂ ಕಾಣಲಿಲ್ಲ. ಮುಚ್ಚಳದ ಮೇಲೆ ಹತ್ತಿ ಕೂತ. ಗಾಜು ಪಟ್ ಅಂತು!

"ಇಳಿಯೋ ಮಾರಾಯಾ! ನಿಮ್ಮಪ್ಪ ಕಲ್ಲ ಎತ್ತತಿದ್ದ, ನೀ ಕಲ್ಲಾಗೇ ಕುಂತಿ!"

ಫಕೀರವ್ವ ಹಣೆ ಹಣೆ ಬಡಿದುಕೊಂಡಳು. "ನಾಜೂಕ ಸಾಮಾನೋ ಅದು! ಕೂಸಿನ ಮಾರಿ ಒರಸಿದಂಗ ಹಸೀ ಅರಿವೀಲೆ ಮೆಲ್ಲಕ ಒರಸಬೇಕು. ಧೂಳ ಇದ್ರ ಚಿತ್ರ ಸ್ವಚ್ಛ ಬರೂದಿಲ್ಲ!"

"ಹೂಂ ಯವ್ವಾ, ಹಂಗ ಮಾಡ್ತೀನಿ."

ವಾರ ಬಿಟ್ಟು ಮಷೀನಿಗೆ ಹೊಸ ಗಾಜು ಬಂತು. ದ್ಯಾಮ್ಯಾ ಹಸಿ ಬಟ್ಟೆ ಹಿಡಿದು ಹೋಗಿ ಮೆಲ್ಲಗೆ ಒರೆಸಿದ. ಒರೆಸಿದ್ದು ಗಾಜನ್ನಲ್ಲ, ಅಪ್ಪನನ್ನು! ಗುಂಡುಕಲ್ಲು ಹೋಯಿತು, ಎಡ ಭುಜ ಹೋಯಿತು. ಮುಖಕ್ಕೆ ಕೈ ಹಾಕುವಷ್ಟರಲ್ಲಿ ದಾವಲಸಾಬ ಹಾಳೆ ಕಸಿದುಕೊಂಡ.

ಫಕೀರವ್ವ ಈ ಸಲ ಬೈದದ್ದು ಕಡಿಮೆ, ಅತ್ತದ್ದೇ ಹೆಚ್ಚು. "ಉಳಿದದ್ದು ಅದೊಂದು ಮಾರಿ ಐತಿ. ಇನ್ನ ನನ್ನ ಮಾತು ಕೇಳಬ್ಯಾಡ. ದಾವಲಸಾಬ ಏನ್ ಹೇಳ್ತಾನ, ಅಷ್ಟ ಮಾಡು."

"ಹೂಂ ಯವ್ವಾ, ಹಂಗ ಮಾಡ್ತೀನಿ."

ಹಾಳೆ ಒಣಗಿದ ಮೇಲೆ ದಾವಲಸಾಬ ಸ್ಕ್ಯಾನು ಮಾಡಿ ನೋಡಿದ. ಹಾಳೆಯ ಹಿಂಬದಿಯ ಅಚ್ಚು ಈಚೆಗೆ ಮೂಡಿ, ಹುಚ್ಚೀರಪ್ಪನ ಹಣೆಯ ಮೇಲೆ ತಲೆಯೆಣ್ಣೆಯ ಜಾಹೀರಾತು ಕಾಣುತ್ತಿತ್ತು.

"ಹಿಂದ ಕರೀದು ಏನರ ಇಡು, ದ್ಯಾಮ್ಯಾ. ಆವಾಗ ಸ್ವಚ್ಛ ಬರ್ತದ."

ದ್ಯಾಮ್ಯಾ ಓಡಿದ. ಮನೆಯ ಎಮ್ಮೆ ಹೊಡೆದುಕೊಂಡು ಬಂದು ಅಂಗಡಿಯ ಹಿಂದೆ ಕಟ್ಟಿದ. "ಇಟ್ಟೆ ಕಾಕಾ! ಊರಾಗ ಇದಕ್ಕಿಂತ ಕರೀದು ಇಲ್ಲ!"

ದಾವಲಸಾಬ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹಾಳೆಯ ಹಿಂದೆ ತಾನೇ ಕರಿ ಕಾಗದ ಇಟ್ಟು ಸ್ಕ್ಯಾನು ಮಾಡಿದ. ಜಾಹೀರಾತು ಮಾಯವಾಯಿತು, ಮುಖ ನಿಂತಿತು. ಅದನ್ನೇ ತಟ್ಟೆಯಷ್ಟು ದೊಡ್ಡದು ಮಾಡಿ ಕೈಗೆ ಕೊಟ್ಟ. ದ್ಯಾಮ್ಯಾ ಮೂಗು ತಾಗಿಸಿ ನೋಡಿದ.

"ಕಾಕಾ, ಅಪ್ಪ ಎಲ್ಲಿ? ಬರೇ ಚುಕ್ಕಿ ಅದಾವು!"

"ಅಚ್ಚಿನ ಚಿತ್ರ ಅಂದ್ರ ಚುಕ್ಕೀನ ಇರ್ತಾವೋ. ಹತ್ರದಿಂದ ನೋಡಬಾರ್ದು. ಎಷ್ಟು ದೂರ ಇಟ್ಟು ನೋಡ್ತೀರಿ, ಅಷ್ಟು ಸ್ವಚ್ಛ ಕಾಣ್ತಾನ ನಿಮ್ಮಪ್ಪ."

"ಹೂಂ ಕಾಕಾ, ಹಂಗ ಮಾಡ್ತೀನಿ."

ಮನೆಯಲ್ಲಿ ಫಕೀರವ್ವ ಗೋಡೆಗೆ ಮೊಳೆ ಹೊಡೆದು, ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು ಕಾಯುತ್ತಿದ್ದಳು. ದ್ಯಾಮ್ಯಾ ಬರಿಗೈಯಲ್ಲಿ ಬಂದ.

"ಎಲ್ಲೋ ಫೋಟೋ?"

"ಬಾ ಯವ್ವಾ, ಹೊರಗ ಬಾ!" ಕೈ ಹಿಡಿದು ಅಂಗಳಕ್ಕೆ ಎಳೆತಂದ. "ಅಲ್ನೋಡು, ಕೆರೀ ಆಚಿ ಹುಣಸೀಗಿಡಕ್ಕ ಕಟ್ಟಿ ಬಂದೀನಿ. ದೂರ ಇದ್ದಷ್ಟೂ ಛಂದ ಕಾಣ್ತಾನಂತ!"

ಕೆರೆಯ ಆಚೆ, ಮರದ ಮೇಲೆ, ಅಕ್ಕಿಕಾಳಿನಷ್ಟು ಬಿಳಿ. ಫಕೀರವ್ವ ಬೈಯಲು ಬಾಯಿ ತೆರೆದಳು.

"ಅವರು ದೂರ ಹೋದದ್ದು ಸಾಲದಾಗಿತ್ತೇನೋ ನಿನಗ?" ಅಂದಳು. ಸೆರಗು ಬಿಗಿದು ಕೆರೆಯ ಏರಿ ಹಿಡಿದು ನಡೆದೇ ನಡೆದಳು. ಬಿಳಿಯದು ಅಂಗೈಯಷ್ಟಾಯಿತು. ಅದಕ್ಕೊಂದು ಮೂಗು ಬಂತು, ಉಬ್ಬಿದ ಗಲ್ಲ ಬಂತು. ಫಕೀರವ್ವ ಇನ್ನೂ ಜೋರಾಗಿ ಹೆಜ್ಜೆ ಹಾಕಿದಳು.

ದ್ಯಾಮ್ಯಾ ಹಿಂದಿನಿಂದ ಓಡಿಬಂದು ಅವಳ ಸೆರಗು ಹಿಡಿದು ಜಗ್ಗಿದ.

"ನಿಲ್ಲು ಯವ್ವಾ, ನಿಲ್ಲು! ಹತ್ರ ಹೋಗಬ್ಯಾಡ! ಹೋದ್ರ ಅಪ್ಪ ಇರೂದಿಲ್ಲ, ಬರೇ ಚುಕ್ಕಿ ಇರ್ತಾವು!"