ಐದನೆಯ ಮಾಲೀಕ

“ಗುರುಗಳೇ, ಒಳ್ಳೆಯ ಕೆಲಸವನ್ನು ನಡುವೆ ಬಿಡುವುದು ತಪ್ಪಲ್ಲವೇ?” ಎಂದು ಶಿಷ್ಯನೊಬ್ಬ ಕೇಳಿದ. ಮಠದ ದಾಸೋಹಕ್ಕಾಗಿ ಹದಿನೆಂಟು ವರ್ಷ ಊರೂರು ಸುತ್ತಿ ಜೋಳ ಬೇಡಿ ತರುತ್ತಿದ್ದ ಸಂಗಯ್ಯ ಅಂದು ಬೆಳಿಗ್ಗೆ ಜೋಳಿಗೆಯನ್ನು ಗೂಟಕ್ಕೆ ತೂಗುಹಾಕಿ, ಇನ್ನು ತನ್ನಿಂದಾಗದು ಎಂದಿದ್ದ. ಶಿಷ್ಯನಿಗೆ ಅದು ಸರಿಕಂಡಿರಲಿಲ್ಲ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನ ಮೂಡಲಿಗೆ ಹುಲ್ಲುಗಾವಲಿತ್ತು. ಅದರ ನಡುವೆ ಒಂದು ಕಟ್ಟೆ. ಊರಿನ ಕುರಿಗಳು ಅಲ್ಲೇ ಮೇಯುತ್ತಿದ್ದವು, ಅಲ್ಲೇ ನೀರು ಕುಡಿಯುತ್ತಿದ್ದವು. ಕಲ್ಲಿನ ವ್ಯಾಪಾರಿಯೊಬ್ಬ ಬಂದು ಆ ನೆಲವನ್ನು ಕೊಂಡ. ದಿಬ್ಬಗಳನ್ನು ಕಡಿಸಿ, ತಗ್ಗುಗಳನ್ನು ತುಂಬಿಸಿ, ಗಾಲ್ಫ್ ಆಡುವ ಮೈದಾನ ಮಾಡಿಸಿದ. ಸುತ್ತಲೂ ಬೇಲಿ ಎದ್ದಿತು. ಕಟ್ಟೆ ಬೇಲಿಯ ಒಳಗಾಯಿತು.

ಆ ಊರಲ್ಲಿ ಮಾಳಿಂಗ ಎಂಬ ಕುರುಬನಿದ್ದ. ಯಾವ ಹುಲ್ಲು ಯಾವ ಮಣ್ಣಿಗೆ ಹಿಡಿಯುತ್ತದೆ ಎಂಬುದು ಅವನಿಗೆ ತಿಳಿದಿತ್ತು. ವ್ಯಾಪಾರಿ ಅವನನ್ನು ಮೈದಾನದ ಹುಲ್ಲು ನೋಡಿಕೊಳ್ಳಲು ಕರೆದ. ಮಾಳಿಂಗ ಒಪ್ಪುವ ಮೊದಲು ಒಂದು ಮಾತು ಕೇಳಿದ.

“ಧಣಿ, ಮೇವಿಗೆ ಬೇರೆ ಕಡೆ ಹೋದೇವು, ಆದರೆ ಕುರಿಗಳಿಗೆ ಹತ್ತಿರದಲ್ಲಿ ಬೇರೆ ನೀರಿಲ್ಲ. ದಿನಾ ಬೆಳಿಗ್ಗೆ ಒಂದು ತಾಸು ಹಿಂದಿನ ಗೇಟು ತೆರೆಸಬೇಕು.”

“ಅದಕ್ಕೇನಂತೆ, ನೀನೇ ತೆರೆ, ನೀನೇ ಮುಚ್ಚು” ಎಂದ ವ್ಯಾಪಾರಿ.

ಮಾತು ಅಷ್ಟೇ. ಕಾಗದ ಪತ್ರ ಏನೂ ಆಗಲಿಲ್ಲ. ಮಾಳಿಂಗ ಬೆಳಗಾದರೆ ಗೇಟು ತೆರೆಯುತ್ತಿದ್ದ. ಕುರಿಗಳು ನೀರು ಕುಡಿದು ಹೋಗುತ್ತಿದ್ದವು. ಹೀಗೆ ಏಳು ವರ್ಷ ನಡೆಯಿತು.

ವ್ಯಾಪಾರಿಗೆ ಆಟ ಬೇಸರವಾಯಿತು. ಮೈದಾನವನ್ನು ಒಬ್ಬ ಹೋಟೆಲಿನವನಿಗೆ ಮಾರಿದ. ಹೋಟೆಲಿನವನು ಸಾಲು ಕಾಟೇಜು ಕಟ್ಟಿಸಿದ, ಈಜುಕೊಳ ತೋಡಿಸಿದ, ಮುಂದಿನ ಬಾಗಿಲಿಗೆ ರೆಸಾರ್ಟ್ ಎಂದು ಹಲಗೆ ಹಾಕಿಸಿದ. ಮಾಳಿಂಗ ಹೋಗಿ ಕಟ್ಟೆಯ ಕತೆಯನ್ನು ಮೊದಲಿಂದ ಹೇಳಿದ. ಹೋಟೆಲಿನವನು, ಕುರಿ ಹಿಕ್ಕೆ ಬಿದ್ದಿದ್ದರೆ ಅತಿಥಿಗಳು ಮೂಗು ಮುಚ್ಚುತ್ತಾರೆ ಎಂದ. ಅವರು ಏಳುವುದರೊಳಗೆ ನಾನೇ ಗುಡಿಸುತ್ತೇನೆ ಎಂದು ಮಾಳಿಂಗ ಒಪ್ಪಿಕೊಂಡ. ಅಂದಿನಿಂದ ಅವನ ದಿನ ಒಂದು ತಾಸು ಮೊದಲೇ ಶುರುವಾಯಿತು. ಊರವರಿಗೆ ಅದು ಗೊತ್ತಿರಲಿಲ್ಲ. ಗೇಟು ತೆರೆದಿತ್ತು, ಅವರಿಗೆ ಅಷ್ಟು ಸಾಕಿತ್ತು.

ಮೂರನೆಯ ಸಲ ಕೊಂಡದ್ದು ಒಂದು ಕಂಪನಿ. ಅದರ ಮಾಲೀಕನನ್ನು ಯಾರೂ ಕಾಣಲಿಲ್ಲ. ಒಬ್ಬ ಮ್ಯಾನೇಜರ್ ಇದ್ದ. ಅವನ ಕೋಣೆಯ ಹೊರಗಿನ ಬೆಂಚಿನ ಮೇಲೆ ಮಾಳಿಂಗ ಹದಿನೈದು ದಿನ ಕುಳಿತ. ಗೇಟಿನ ವಿಷಯ ಪತ್ರದಲ್ಲಿಲ್ಲ ಎಂದ ಮ್ಯಾನೇಜರ್. ಒಂದು ಕುರಿ ಆಡುವ ಹುಲ್ಲಿನ ಮೇಲೆ ಕಾಲಿಟ್ಟರೂ ನನ್ನನ್ನು ಕೆಲಸದಿಂದ ತೆಗೆಯಿರಿ ಎಂದು ಮಾಳಿಂಗ ಹೆಬ್ಬೆಟ್ಟು ಒತ್ತಿದ. ಆಮೇಲೆ ದಿನವೂ ಗೇಟಿನಿಂದ ಕಟ್ಟೆಯವರೆಗೆ ಕೋಲು ಹಿಡಿದು ಹಿಂಡಿನ ಜೊತೆ ನಡೆದ. ಜ್ವರ ಬಂದ ದಿನವೂ ನಡೆದ.

ನಾಲ್ಕನೆಯವರು ಅಣ್ಣತಮ್ಮಂದಿರು. ಕೊಂಡ ಎರಡೇ ವರ್ಷಕ್ಕೆ ಜಗಳವಾಡಿ ಪಾಲಾದರು. ಮೈದಾನ ಅಣ್ಣನಿಗೆ, ಕಾಟೇಜುಗಳು ತಮ್ಮನಿಗೆ. ಗೇಟು ಇಬ್ಬರ ಗಡಿಯಲ್ಲಿ ನಿಂತಿತು. ಅಣ್ಣನನ್ನು ಕೇಳಿದರೆ ತಮ್ಮನನ್ನು ಕೇಳು ಎಂದ. ತಮ್ಮನನ್ನು ಕೇಳಿದರೆ ಅಣ್ಣನನ್ನು ಕೇಳು ಎಂದ. ಮಾಳಿಂಗ ಒಂದು ತಿಂಗಳು ಇಬ್ಬರ ನಡುವೆ ಅಲೆದ. ಕೊನೆಗೆ, ದಿನ ಬಿಟ್ಟು ದಿನ ತೆರೆಯಲಿ ಎಂದರು. ಕುರಿಗಾರರು ಗೊಣಗಿದರು. ಮಾಳಿಂಗ ಸರಿಯಾಗಿ ಮಾತಾಡಲಿಲ್ಲ ಎಂದರು.

ಐದನೆಯ ಮಾಲೀಕ ಬಂದಾಗ ಮಾಳಿಂಗನಿಗೆ ಅರವತ್ತೇಳು. ಆ ದಿನವೂ ಅವನು ಸ್ನಾನ ಮಾಡಿ ರುಮಾಲು ಸುತ್ತಿಕೊಂಡು ಕಚೇರಿಗೆ ಹೋದ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹೊಸ ಮಾಲೀಕ ನಕ್ಷೆ ಹರಡಿಕೊಂಡು, “ಹಿಂದುಗಡೆ ಇದೇನು ಗೇಟು?” ಎಂದು ಯಾರನ್ನೋ ಕೇಳುತ್ತಿದ್ದ. ಒರಟು ದನಿಯಲ್ಲ. ತಿಳಿಯದೆ ಕೇಳಿದ್ದ, ಅಷ್ಟೇ.

ಮಾಳಿಂಗ ಮೆಟ್ಟಿಲ ಮೇಲೆ ನಿಂತ. ಈಗ ಒಳಗೆ ಹೋಗಬೇಕು. ಇಲ್ಲಿ ಮೊದಲು ಹುಲ್ಲುಗಾವಲಿತ್ತು ಎನ್ನಬೇಕು. ಕಟ್ಟೆ ಊರಿನದು ಎನ್ನಬೇಕು. ವ್ಯಾಪಾರಿ ಕೊಟ್ಟ ಮಾತು, ಹೋಟೆಲಿನವನ ಷರತ್ತು, ತಾನು ಒತ್ತಿದ ಹೆಬ್ಬೆಟ್ಟು, ಎಲ್ಲವನ್ನೂ ಹೇಳಬೇಕು. ಇವನೂ ಒಳ್ಳೆಯವನೇ ಇರಬಹುದು, ಒಪ್ಪಲೂಬಹುದು. ಆಮೇಲೆ ಇವನೂ ಮಾರುತ್ತಾನೆ. ಮಾಳಿಂಗನಿಗೆ ಮೊದಲ ಮಾತೇ ಬಾಯಿಗೆ ಬರಲಿಲ್ಲ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತ. ಎದ್ದು, ಮೈದಾನಕ್ಕೆ ಹೋಗಿ ಕಳೆ ಕೀಳತೊಡಗಿದ.

ಮರುದಿನ ಗೇಟಿಗೆ ಬೀಗ ಬಿತ್ತು. ಮೂರನೆಯ ದಿನ ಊರಿನ ಕುರಿಗಾರರು ನಲವತ್ತು ಜನ ಮಾಳಿಂಗನ ಮನೆಯ ಮುಂದೆ ನೆರೆದರು.

“ಒಂದು ಮಾತು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?” ಎಂದ ಅವರಲ್ಲಿ ಹಿರಿಯ. “ಅವರ ಅನ್ನ ತಿಂದು ಅವರ ಕಡೆಯವನೇ ಆದೆ.”

“ಹಾಗಲ್ಲಪ್ಪ, ಸಾಕಾಯಿತು” ಎಂದ ಮಾಳಿಂಗ. ಬೇರೇನೂ ಹೇಳಲಿಲ್ಲ. ಹೇಳಿದ್ದರೆ ಅದನ್ನೂ ಮೊದಲಿಂದಲೇ ಹೇಳಬೇಕಾಗುತ್ತಿತ್ತು.

ಕುರಿಗಳನ್ನು ಎರಡು ಹರದಾರಿ ದೂರದ ಹಳ್ಳಕ್ಕೆ ಹೊಡೆಯಬೇಕಾಯಿತು. ಒಬ್ಬೊಬ್ಬರೇ ಹಿಂಡು ಮಾರಿದರು. ಊರಿನವರು ಮಾಳಿಂಗನೊಡನೆ ಮಾತು ಬಿಟ್ಟರು. ಮದುವೆ ಮುಂಜಿಗೂ ಕರೆಯಲಿಲ್ಲ. ಅವನ ಹೆಂಡತಿ ಬಾವಿಗೆ ಹೋದರೆ ಉಳಿದವರು ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಮಾಳಿಂಗ ಇನ್ನೂ ಎರಡು ವರ್ಷ ಹುಲ್ಲು ನೋಡಿಕೊಂಡು ತೀರಿಕೊಂಡ. ಅಷ್ಟರಲ್ಲಿ ಆರನೆಯ ಮಾಲೀಕ ಬಂದಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಯೋಚಿಸಿ ಹೇಳಿದ: “ನಾಲ್ಕು ಸಲ ಗಳಿಸಿದ ಪುಣ್ಯವನ್ನು ಐದನೆಯ ಸಲ ಕಳೆದುಕೊಂಡ, ಗುರುಗಳೇ. ಇನ್ನೊಂದು ಸಲ ಹೋಗಬೇಕಿತ್ತು.”

“ಮನೆಯ ಮುಂದೆ ನಲವತ್ತು ಜನ ಬಂದರಲ್ಲ, ಆ ನಾಲ್ಕು ಸಲವೂ ಅವನು ಒಬ್ಬನೇ ಹೋಗಿದ್ದ” ಎಂದರು ಗುರುಗಳು.